ಮಂಗಳವಾರ ಎಂಟೂವರೆಗೆ ನಾನೂರ ಹನ್ನೆರಡು ಜನ

ಗುರುವಾರ, ಬೆಳಿಗ್ಗೆ ಹತ್ತೂಕಾಲು
ಆಫೀಸು, ಮೂರನೇ ಮಹಡಿ

ಮುನಿಸಿಕೊಂಡು ಹೋದ ಮಹಾರಾಣಿಗೆ ಅಮ್ಮನ ಮುದ್ದುಗಳು. ಈಗ ಬೇಡವಾದರೆ ಲಕೋಟೆಯಲ್ಲೇ ಬಿಟ್ಟಿರು, ಕೆಡುವುದಿಲ್ಲ.

ಒಂಬತ್ತು ದಿನದಲ್ಲಿ ಹದಿನಾಲ್ಕು ಸಲ ಫೋನ್ ಮಾಡಿದೆ. ಹದಿನಾಲ್ಕು ಸಲವೂ ಒಬ್ಬ ಹೆಂಗಸು ತೆಗೆದುಕೊಂಡು, ನೀವು ಕರೆ ಮಾಡಿದವರು ಕಾರ್ಯನಿರತರಾಗಿದ್ದಾರೆ ಅಂದಳು. ನಿನ್ನನ್ನು ಕಾರ್ಯನಿರತಳು ಅಂತ ಒಪ್ಪಿಕೊಂಡ ಮೊದಲ ಹೆಂಗಸು ಅವಳೇ ಇರಬೇಕು. ನಿನ್ನೆ ನಿನ್ನ ಅಪ್ಪ ನಿನ್ನ ಗೆಳತಿಯ ರೂಮಿನಿಂದ ವಾಪಸ್ ಬಂದು ಚಪ್ಪಲಿಯನ್ನೂ ಬಿಡದೆ ವರದಿ ಒಪ್ಪಿಸಿದರು: ಅಮ್ಮನಿಗೆ ಹೇಳೋದೇನಾದರೂ ಇದ್ದರೆ ಬರೆದು ಕೊಡಲಿ, ಅವಳ ಬಾಯಿಮಾತು ನನಗೆ ಸಾಕಾಗಿದೆ ಅಂತ ಅಂದೆಯಂತೆ. ಸರಿ, ಬರೆಯುತ್ತಿದ್ದೇನೆ. ಕೇಳಿದ್ದು ನೀನು, ಅನುಭವಿಸು. ಈ ಪತ್ರವನ್ನು ಮಧ್ಯಾಹ್ನ ಅವರೇ ತಂದುಕೊಡುತ್ತಾರೆ. ಅವರ ಎದುರಿಗೆ ಓದಬೇಡ. ಎಷ್ಟು ಸಲ ಮುಖ ಸಿಂಡರಿಸಿದೆ ಅಂತ ಎಣಿಸಿಕೊಂಡು ಬಂದು ಹೇಳುವ ಜನ ಅವರು.

ಮೊದಲು ಮುಖ್ಯ ವಿಷಯ, ಆಮೇಲೆ ಪುರಾಣ. ಆ ಹಾಳೆಗೆ ಸಹಿ ಹಾಕಬೇಡ.

ಸೂಪರಿಂಟೆಂಡೆಂಟ್ ಮೇಡಂ ನಿನಗೆ ಕೊಟ್ಟ ಹಾಳೆಯ ಫೋಟೋವನ್ನು ನಿನ್ನ ಅಪ್ಪ ಫೋನಿನಲ್ಲಿ ತೆಗೆದು ತಂದಿದ್ದರು. ಅರ್ಧ ಹಾಳೆ, ಅರ್ಧ ಹೆಬ್ಬೆರಳು. ಹೆಬ್ಬೆರಳಿನ ಪಕ್ಕದಲ್ಲಿ ಓದಲು ಸಿಕ್ಕಿದ್ದು ಇಷ್ಟು: ನನ್ನ ಸಂಪೂರ್ಣ ಅಜಾಗರೂಕತೆಯಿಂದ ಆದ ಅನಾಹುತಕ್ಕೆ ನಾನೊಬ್ಬಳೇ ಹೊಣೆ ಎಂದು ಒಪ್ಪಿ, ಸ್ವ-ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಶನಿವಾರ ಹನ್ನೊಂದು ಗಂಟೆಗೆ ಇದಕ್ಕೆ ಸಹಿ ಮಾಡಿ ಕೊಟ್ಟರೆ ವಿಚಾರಣೆ ಇಲ್ಲ, ಗಲಾಟೆ ಇಲ್ಲ ಅಂತ ಮೇಡಂ ಹೇಳಿದರಂತೆ, ನೀನು ಆಗಲಿ ಅಂದೆಯಂತೆ. ಸಂಪೂರ್ಣವಂತೆ! ಹುಟ್ಟಿದಾಗಿಂದ ಒಂದು ಲೋಟ ಹಾಲನ್ನು ಸಂಪೂರ್ಣ ಕುಡಿಯದವಳು, ಒಂದು ಹೊದಿಕೆಯನ್ನು ಸಂಪೂರ್ಣ ಮಡಿಸದವಳು, ಅಜಾಗರೂಕತೆಯೊಂದನ್ನು ಮಾತ್ರ ಸಂಪೂರ್ಣ ಮಾಡಿದೆ ಅಂದರೆ ಯಾರು ನಂಬುತ್ತಾರೆ? ಮುಂದೆ ಎಲ್ಲಿ ಕೆಲಸ ಕೇಳಿಕೊಂಡು ಹೋದರೂ ಆ ಹಾಳೆ ನಿನಗಿಂತ ಮೊದಲು ಹೋಗಿ ನಿನ್ನ ಕುರ್ಚಿಯಲ್ಲಿ ಕೂತಿರುತ್ತದೆ.

ಗಲಾಟೆ ಆಗಲಿ. ಆದರೆ ಗಲಾಟೆಗೂ ಒಂದು ಕ್ರಮ ಬೇಕು. ಅದಕ್ಕೇ ನಿನಗೆ ಗೊತ್ತಿರುವುದನ್ನೇ ನಿನಗೆ ಸಾಲಾಗಿ ಬರೆದುಕೊಡುತ್ತೇನೆ. ಶನಿವಾರ ಆ ಉದ್ದ ಮೇಜಿನ ಮುಂದೆ ಇದೇ ಕ್ರಮದಲ್ಲಿ ಹೇಳು. ಅಳಬೇಕು ಅನ್ನಿಸಿದರೆ ಹೇಳಿ ಮುಗಿಸಿದ ಮೇಲೆ ಅಳು.

ನಿಮ್ಮ ಕಣ್ಣಾಸ್ಪತ್ರೆಯಲ್ಲಿ ಯಾರಾದರೂ ಸರದಿಯ ದಿನ ಬದಲಿಸಿಕೊಡಿ ಅಂತ ಕೇಳಿದರೆ, ರಿಸೆಪ್ಷನ್ ಅಕ್ಕ ಕಂಪ್ಯೂಟರಿನಲ್ಲಿ ಸರದಿಯ ಟೇಬಲ್ ತೆರೆದು, ಸಾಲು ಹುಡುಕಿ, ಕೈಯಾರೆ ತಿದ್ದಬೇಕಿತ್ತು. ಅವಳ ಕತ್ತುನೋವು ನೋಡಲಾರದೆ ನೀನು ಆ ಕೆಲಸವನ್ನು ಕಂಪ್ಯೂಟರೇ ಮಾಡುವ ಹಾಗೆ ಒಂದು ಪ್ರೊಸೀಜರ್ ಬರೆದೆ. ರೋಗಿಯ ಸಂಖ್ಯೆ, ಹೊಸ ದಿನ, ಹೊಸ ವೇಳೆ ಕೊಟ್ಟರೆ ಸಾಕು, ಉಳಿದದ್ದು ತಾನಾಗಿಯೇ ಆಗುತ್ತದೆ. ಒಳ್ಳೆಯ ಕೆಲಸ. ಮೊದಲ ಗಿರಾಕಿ, ಗುರುವಾರದ ಬದಲು ಮಂಗಳವಾರ ಬರುತ್ತೇನೆ ಅಂದ ಗಡಿಯಾರ ರಿಪೇರಿಯವರು. ಶನಿವಾರ ಮಧ್ಯಾಹ್ನ ನೀನು ಅವರ ಸಂಖ್ಯೆ ಕೊಟ್ಟೆ, ಮಂಗಳವಾರ ಎಂಟೂವರೆ ಅಂತ ಕೊಟ್ಟೆ, ಗುಂಡಿ ಒತ್ತಿದೆ, ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದೆ.

ಎಡವಟ್ಟಾದದ್ದು ಒಂದೇ ಕಡೆ. ಹೊರಗಿನಿಂದ ಕೊಟ್ಟ ಸಂಖ್ಯೆ ಇಟ್ಟುಕೊಳ್ಳುವ ವೇರಿಯಬಲ್‌ಗೆ ನೀನು ರೋಗಿ_ಸಂಖ್ಯೆ ಅಂತ ಹೆಸರಿಟ್ಟೆ. ಸರದಿಯ ಟೇಬಲ್‌ನಲ್ಲಿರುವ ಕಾಲಂನ ಹೆಸರೂ ರೋಗಿ_ಸಂಖ್ಯೆ. ಆಮೇಲೆ ಬರೆದೆ: ಎಲ್ಲಿ ರೋಗಿ_ಸಂಖ್ಯೆಯು ರೋಗಿ_ಸಂಖ್ಯೆಗೆ ಸಮವೋ ಅಲ್ಲಿ ದಿನ ಬದಲಿಸು. ನಿನ್ನ ಮನಸ್ಸಿನಲ್ಲಿ ಮೊದಲನೆಯದು ಟೇಬಲ್‌ನದು, ಎರಡನೆಯದು ಗಡಿಯಾರದವರದು. ಮನುಷ್ಯರು ಯಾರು ಓದಿದರೂ ಹಾಗೇ ಓದುತ್ತಾರೆ. ಆದರೆ ಅದನ್ನು ಓದುವುದು ಮನುಷ್ಯರಲ್ಲ, ಪಾರ್ಸರ್.

ಪಾರ್ಸರ್ ಅಂದರೇನು ಅಂತ ಮೇಡಂ ಕೇಳಿದರೆ, ಬರೆದದ್ದನ್ನು ಓದಿ ಯಾವ ಪದ ಯಾವುದು ಅಂತ ತೀರ್ಮಾನ ಮಾಡುವ ಪ್ರೋಗ್ರಾಂ ಅನ್ನು, ಸಾಕು. ನಿನ್ನ ಚಿಕ್ಕಮ್ಮ ಒಮ್ಮೆ ನನ್ನ ಕೆಲಸ ಏನು ಅಂತ ಕೇಳಿದಾಗ, ಬೇರೆಯವರು ಮಾಡಿದ್ದನ್ನು ನೋಡಿ ತಪ್ಪು ಹುಡುಕುವ ಯಂತ್ರ ಮಾಡೋದು ಅಂದಿದ್ದೆ. ಅದಕ್ಕೆ ಯಂತ್ರ ಬೇರೆ ಯಾಕಕ್ಕಾ, ನಮ್ಮತ್ತೆಯನ್ನ ಕಳಿಸಿಕೊಡ್ತೀನಿ ಬಿಡು ಅಂದಿದ್ದಳು. ಕಳಿಸಿಕೊಟ್ಟಿದ್ದರೆ ಚೆನ್ನಾಗಿತ್ತು. ಆ ಅತ್ತೆಯಾದರೂ, ಏನೇ ಇದು, ಎರಡು ಕಡೆ ಒಂದೇ ಹೆಸರು ಬರೆದಿದ್ದೀಯಲ್ಲ, ಯಾವುದು ಯಾವುದೇ ಅಂತ ಕೇಳಿರುತ್ತಿದ್ದರು. ನಮ್ಮ ಪಾರ್ಸರ್ ತುಟಿ ಪಿಟಕ್ಕೆನ್ನಲಿಲ್ಲ. ಎರಡನ್ನೂ ಕಾಲಂ ಅಂತಲೇ ಓದಿಕೊಂಡಿತು. ಯಾವ ಸಂಖ್ಯೆ ತಾನೇ ತನಗೆ ತಾನು ಸಮ ಅಲ್ಲ? ನಾನೂರ ಹನ್ನೆರಡು ಸಾಲುಗಳೂ ಹೌದು ಹೌದು ಅಂದವು, ನಾನೂರ ಹನ್ನೆರಡಕ್ಕೂ ಮಂಗಳವಾರ ಎಂಟೂವರೆ ಅಂತ ಬಿತ್ತು, ನಾನೂರ ಹನ್ನೆರಡು ಫೋನುಗಳಿಗೂ ಸಂದೇಶ ಹೋಯಿತು.

ನೀನು ಪರೀಕ್ಷೆಯನ್ನೇ ಮಾಡಲಿಲ್ಲ ಅಂತಲೂ ಹಾಳೆಯಲ್ಲಿದೆ ಅಂತ ನಿನ್ನ ಅಪ್ಪ ಹೇಳಿದರು. ಅದು ಸುಳ್ಳು, ಅದನ್ನು ಎದ್ದು ನಿಂತು ಹೇಳು. ಪರೀಕ್ಷೆಗೆ ಅಂತ ಬೇರೆ ಇಟ್ಟ ಟೇಬಲ್‌ನಲ್ಲಿ ಮಾಡಿ ನೋಡಿದ್ದೀಯ, ಸರಿಯಾಗೇ ಬಂದಿದೆ. ಆದರೆ, ನನ್ನ ಬಂಗಾರವೇ, ಆ ಟೇಬಲ್‌ನಲ್ಲಿ ನೀನು ಸೃಷ್ಟಿಸಿ ಇಟ್ಟಿದ್ದು ಒಬ್ಬನೇ ಒಬ್ಬ ರೋಗಿ. ಒಬ್ಬನೇ ಇರುವ ಊರಿನಲ್ಲಿ ಎಲ್ಲರನ್ನೂ ಕರೆದರೂ ಬರುವವನು ಒಬ್ಬನೇ ತಾನೆ? ಇದು ನಿನ್ನ ಪಾಲಿನ ತಪ್ಪು, ಇದನ್ನು ನೀನೇ ಮೊದಲು ಹೇಳು. ಹೇಳಿ, ಇನ್ನು ಮುಂದೆ ಪರೀಕ್ಷೆಯ ಟೇಬಲ್‌ನಲ್ಲಿ ಐವತ್ತು ಜನ ಇರುತ್ತಾರೆ ಅನ್ನು. ತನ್ನ ಪಾಲನ್ನು ಅಳೆದು ಒಪ್ಪಿಕೊಂಡವಳ ತಲೆಗೆ ಬೇರೆಯವರ ಪಾಲನ್ನು ಕಟ್ಟುವುದು ಕಷ್ಟ.

ಸೋಮವಾರ ನಿನಗೆ ರಜಾ. ಅವತ್ತು ಆಸ್ಪತ್ರೆಗೆ ಒಂದು ನರಪಿಳ್ಳೆಯೂ ಬರಲಿಲ್ಲವಂತೆ. ಊರಿನವರ ಕಣ್ಣೆಲ್ಲ ವಾಸಿಯಾದವೇನೋ ಅಂತ ಡಾಕ್ಟರು ನಕ್ಕು ಪದಬಂಧ ಬಿಡಿಸುತ್ತ ಕೂತರಂತೆ. ರಿಸೆಪ್ಷನ್ ಅಕ್ಕ ಆರು ತಿಂಗಳಿಂದ ಮುಂದೂಡಿದ್ದ ಡ್ರಾಯರು ಒಪ್ಪ ಮಾಡಿದಳಂತೆ. ಹಾಜರಿ ಪುಸ್ತಕ ಖಾಲಿ ಇರುವುದನ್ನು ನೋಡಿ ಒಬ್ಬರಾದರೂ, ಯಾಕೆ ಅಂತ ಕೇಳಿದರಾ? ಇಲ್ಲ. ಶನಿವಾರ ಇದನ್ನೂ ಹೇಳು, ಆದರೆ ಮೆತ್ತಗೆ ಹೇಳು. ಅಕ್ಕ ನಿನ್ನ ಪರವಾಗಿದ್ದಾಳೆ.

ಮಂಗಳವಾರ ನಾನೂರ ಹನ್ನೆರಡು ಸಾಲುಗಳು ನಿಜವಾಗಿಯೂ ಸಾಲು ನಿಂತವು. ಒಬ್ಬೊಬ್ಬರ ಜೊತೆಗೆ ಕೈಹಿಡಿದು ಕರೆತಂದ ಇನ್ನೊಬ್ಬರು. ಕರೀ ಕನ್ನಡಕದವರು, ಹಸಿರು ಪಟ್ಟಿಯವರು, ಒಂದು ಕಣ್ಣು ಮುಚ್ಚಿಕೊಂಡವರು. ಮೆಟ್ಟಿಲು ದಾಟಿ, ಗೇಟು ದಾಟಿ, ಪಕ್ಕದ ಝೆರಾಕ್ಸ್ ಅಂಗಡಿ ದಾಟಿ, ಬಸ್ ನಿಲ್ದಾಣದವರೆಗೆ. ಎಲ್ಲರ ಫೋನಿನಲ್ಲೂ ಎಂಟೂವರೆ, ಎಲ್ಲರೂ ನಾನೇ ಮೊದಲು ಅನ್ನುವವರು, ಮತ್ತು ಎಲ್ಲರೂ ಹೇಳುತ್ತಿದ್ದದ್ದು ನಿಜ. ನೀನು ಬಾಗಿಲಲ್ಲಿ ಕುರ್ಚಿ ಹತ್ತಿ ನಿಂತು ಕ್ಷಮೆ ಕೇಳುತ್ತಿದ್ದೆ ಅಂತ ಅಕ್ಕ ನಿನ್ನ ಅಪ್ಪನಿಗೆ ಹೇಳಿದಳು. ಇಷ್ಟರವರೆಗೆ ನಗಬಹುದು. ಆ ನೂಕಾಟದಲ್ಲಿ ಸಾಲಿನಲ್ಲಿದ್ದ ಟೈಲರ್ ತಾತ ಮೂರನೇ ಮೆಟ್ಟಿಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅಲ್ಲಿಂದ ಮುಂದೆ ನಗು ಬರುವುದಿಲ್ಲ, ನನಗೂ.

ಅವತ್ತು ಹನ್ನೆರಡು ಗಂಟೆಗೆ ನೀನು ಔಷಧಿ ಇಡುವ ಕೋಣೆಯಲ್ಲಿ ಕಣ್ಣಿನ ಹನಿಗಳ ಪೆಟ್ಟಿಗೆಗಳ ನಡುವೆ ಕೂತು ನನಗೆ ಫೋನ್ ಮಾಡಿದೆ. ಪ್ರೊಸೀಜರನ್ನು ಸಾಲುಸಾಲಾಗಿ ಓದಿದೆ. ಅಮ್ಮಾ, ಎಲ್ಲಿ ತಪ್ಪಿದೆ, ನಂಗೆ ಕಾಣಿಸ್ತಾ ಇಲ್ಲ ಅಂದೆ. ನಾನು ಏನಂದೆ? ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡ್ತೀಯ, ಕಣ್ಣೆಲ್ಲಿಟ್ಟಿದ್ದೆ ಅಂದೆ. ಆಮೇಲೆ, ಬರೆದದ್ದನ್ನ ಎರಡು ಸಲ ಓದೋ ಅಭ್ಯಾಸ ಚಿಕ್ಕಂದಿನಿಂದಲೂ ಇಲ್ಲ ನಿಂಗೆ ಅಂದೆ. ನಿನ್ನ ಜೋಕು ಇವತ್ತೊಂದಿನ ಬೇಡಮ್ಮಾ ಅಂತ ನೀನು ಫೋನಿಟ್ಟೆ. ಸಂಜೆ ಮನೆಗೆ ಬಂದು ನಾಲ್ಕು ಜೊತೆ ಬಟ್ಟೆ ಚೀಲಕ್ಕೆ ತುರುಕಿ ಹೊರಟಾಗ ನಾನು ಅಡುಗೆಮನೆಯಿಂದ ಆಚೆ ಬರಲಿಲ್ಲ. ಒಗ್ಗರಣೆ ಸೀದೀತು ಅಂತ ಅಲ್ಲ.

ಈಗ ಪುರಾಣ. ನೀನು ಪ್ರೊಸೀಜರ್ ಬರೆದದ್ದು ನಮ್ಮ ಕಂಪನಿಯ ಭಾಷೆಯಲ್ಲಿ; ಹದಿನೇಳು ವರ್ಷದ ಹಿಂದೆ ಅದರ ಪಾರ್ಸರ್ ಬರೆದವರು ನಾವು ಮೂರು ಜನ. ನಮ್ಮ ವಿಭಾಗದ ಮುಖ್ಯಸ್ಥರು, ಮೊದಲು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದದ್ದರಿಂದ ಇವತ್ತಿಗೂ ಮೇಷ್ಟ್ರು. ಅಲ್ಪವಿರಾಮ, ಪ್ರತಿ ವಾಕ್ಯದ ಮಧ್ಯೆ ನಿಂತು ಸೂರು ನೋಡುವ ಪುಣ್ಯಾತ್ಮ. ಅವನ ಮಾತು ಮುಗಿಯುವುದರೊಳಗೆ ಮೀಟಿಂಗ್ ಮುಗಿದಿರುತ್ತದೆ. ಮತ್ತು ನಾನು. ಒಂದೇ ಹೆಸರು ವೇರಿಯಬಲ್‌ಗೂ ಇದ್ದು ಕಾಲಂಗೂ ಇದ್ದರೆ ಏನು ಮಾಡುವುದು ಅನ್ನುವ ಪ್ರಶ್ನೆ ಆಗಲೇ ಎದ್ದಿತ್ತು. ದಾರಿ ಮೂರು: ವೇರಿಯಬಲ್ ಅಂತ ಹಿಡಿಯುವುದು, ಕಾಲಂ ಅಂತ ಹಿಡಿಯುವುದು, ಅಥವಾ ಅಲ್ಲೇ ನಿಲ್ಲಿಸಿ, ಯಾವುದು ಅಂತ ನೀವೇ ಹೇಳಿ, ಹೇಳುವವರೆಗೂ ಕದಲುವುದಿಲ್ಲ ಅನ್ನುವುದು. ಗಮನಿಸು, ಮೊದಲೆರಡರಲ್ಲಿ ಯಾವುದನ್ನು ಹಿಡಿದಿದ್ದರೂ ನಿನ್ನ ಮಂಗಳವಾರ ತಪ್ಪುತ್ತಿರಲಿಲ್ಲ. ಎರಡೂ ವೇರಿಯಬಲ್ ಅಂದರೂ ಸಮ, ಎರಡೂ ಕಾಲಂ ಅಂದರೂ ಸಮ. ನಿನ್ನನ್ನು ಉಳಿಸುತ್ತಿದ್ದದ್ದು ಮೂರನೆಯದು ಮಾತ್ರ. ನಾವು ಆರಿಸಿಕೊಂಡದ್ದು ಎರಡನೆಯದು. ಮೇಷ್ಟ್ರು ಗಿರಾಕಿಗಳಿಗೆ ಹೆದರಿ ಒತ್ತಾಯ ಮಾಡಿದರು, ಏನು ಮಾಡೋದು ಅಂತ ನಾನು ಹದಿನೇಳು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಮನೆಯಲ್ಲೂ ಹೇಳಿದ್ದೇನೆ, ನೀನೂ ಕೇಳಿದ್ದೀಯ.

ಊಹೆಯ ಮೇಲೆ ಸಂಸಾರ ನಡೆಸುವುದು ನನಗೆ ಹೊಸದೂ ಅಲ್ಲ. ನಿನ್ನ ಅಪ್ಪನ ನಿಘಂಟಿನಲ್ಲಿ ಇರುವುದೇ ಒಂದು ಪದ, ಅದು. ಅದು ಎಲ್ಲಿ, ಅದನ್ನ ತೆಗಿ, ಅದನ್ನ ಬಿಸಾಕು. ಮೂವತ್ತು ವರ್ಷದಿಂದ ನಾನು ಕೇಳದೆ ಅರ್ಥ ಮಾಡಿಕೊಳ್ಳುತ್ತೇನೆ ಅಂತ ಬೀಗುತ್ತಿದ್ದೇನೆ. ಹಳೇ ಪೇಪರ್ ಮನಸ್ಸಿನಲ್ಲಿಟ್ಟುಕೊಂಡು ಅದನ್ನ ಬಿಸಾಕು ಅಂದದ್ದಕ್ಕೆ ಅವರ ಪಾಸ್‌ಪೋರ್ಟ್ ಅರ್ಜಿಯನ್ನು ಬಿಸಾಕಿದ ದಿನ ಒಂದನ್ನು ಬಿಟ್ಟರೆ.

ಭಾನುವಾರ ನಾನು ಟೈಲರ್ ತಾತನ ಮನೆಗೆ ಹೋಗಿದ್ದೆ. ನಿನ್ನ ಅಪ್ಪನಿಗೂ ಹೇಳಿಲ್ಲ. ಮೊದಲ ಮಹಡಿ, ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಅದರ ಮೇಲೆ ಮುಗಿಯದ ಒಂದು ನೀಲಿ ಕುಪ್ಪಸ, ಒಂದೇ ತೋಳಿನದು. ಅವರು ಗೋಡೆಗೆ ಒರಗಿ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡಿದ್ದರು. ಯಾರಮ್ಮಾ ಅಂದರು. ಆ ಹುಡುಗಿಯ ತಾಯಿ ಅಂದೆ. ಓ, ಆ ಮಗೂನಾ, ಬುಧವಾರನೇ ಬಂದು ಹೋಯಿತಲ್ಲ, ಒಂದು ಗಂಟೆ ಕೂತಿತ್ತು, ಸೂಜಿಗೆಲ್ಲ ದಾರ ಪೋಣಿಸಿ ಇಟ್ಟು ಹೋಗಿದೆ ನೋಡಿ, ಹೊಲಿಯೋಕೆ ಕೈ ಇಲ್ಲ ನಂಗೆ, ಆದ್ರೂ ಪೋಣಿಸ್ತು ಅಂದರು. ನೋಡಿದೆ. ಹನ್ನೆರಡು ಸೂಜಿ, ಹನ್ನೆರಡು ಬಣ್ಣ. ನೀನು ಹೋಗಿದ್ದೆ ಅಂತ ಯಾರೂ ಹೇಳಿರಲಿಲ್ಲ ನನಗೆ. ನಾನು ಹೋಗಲು ಐದು ದಿನ ತೆಗೆದುಕೊಂಡಿದ್ದೆ.

ಏನಾಗಿತ್ತಮ್ಮಾ ನಿಜವಾಗಿ ಅಂತ ಕೇಳಿದರು. ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿತ್ತು, ಯಂತ್ರ ತನಗೆ ತೋಚಿದ್ದನ್ನು ತೆಗೆದುಕೊಂಡಿತು ಅಂದೆ. ತಾತ ನಕ್ಕರು. ನನ್ನ ಹತ್ರ ಒಂದೇ ಹೆಸರಿನ ಗಿರಾಕಿಗಳು ಆರು ಜನ ಇದ್ದಾರೆ ಕಣಮ್ಮಾ, ಚೀಟಿಯಲ್ಲಿ ಬರೀ ಹೆಸರಿದ್ರೆ ಬಟ್ಟೆ ಮುಟ್ಟಲ್ಲ, ಪಕ್ಕಕ್ಕಿಡ್ತೀನಿ, ಬಂದು ಬೈತಾರೆ, ಯಾಕಿನ್ನೂ ಹೊಲಿದಿಲ್ಲ ಅಂತ, ಬೈಸ್ಕೋತೀನಿ, ಕತ್ತರಿ ಹಾಕಿದ್ಮೇಲೆ ಕೇಳಿದ್ರೆ ಬಟ್ಟೆ ಕೂಡುತ್ತಾ ಅಂದರು. ಆಮೇಲೆ, ನಿಮ್ಮ ಯಂತ್ರಕ್ಕೆ ಅಷ್ಟು ಕೇಳೋಕೆ ಬರಲ್ವಾ ಅಂದರು.

ಬರುತ್ತಿತ್ತು ಕಣೇ. ಅದಕ್ಕೇ ಈ ಪತ್ರ.

ಮೇಲೆ ಬರೆದ ಪುರಾಣದಲ್ಲಿ ಮೇಷ್ಟ್ರ ಹೆಸರು ಬಂದಿರುವ ಸಾಲನ್ನು ಹೊಡೆದುಹಾಕು. ಪೆನ್ನು ನನ್ನ ಕೈಯಲ್ಲೇ ಇದೆ, ನಾನೇ ಹೊಡೆದುಹಾಕಬಹುದಿತ್ತು. ಆದರೆ ಹದಿನೇಳು ವರ್ಷ ನಾನದನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದೆ ಅಂತ ನಿನಗೆ ಕಾಣಲಿ ಅಂತ ಬಿಟ್ಟಿದ್ದೇನೆ. ನಡೆದದ್ದು ಇದು. ಮೊದಲು ನಾನು ಬರೆದದ್ದು ಮೂರನೇ ದಾರಿಯನ್ನೇ. ಹೆಸರು ಎರಡು ಕಡೆ ಸಿಕ್ಕರೆ ಪಾರ್ಸರ್ ನಿಲ್ಲುತ್ತಿತ್ತು, ಕೇಳುತ್ತಿತ್ತು. ಮೂರು ವಾರ ಕೆಲವು ಗಿರಾಕಿಗಳಿಗೆ ಕೊಟ್ಟು ನೋಡಿದೆವು. ದಿನಕ್ಕೆ ನಲವತ್ತು ಫೋನು, ಎಲ್ಲ ನನ್ನ ಮೇಜಿಗೆ. ಯಾಕೆ ನಿಂತಿತು, ಇಷ್ಟು ದಿನ ನಿಂತಿರಲಿಲ್ಲವಲ್ಲ, ಹಳೆಯದೇ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಲಿಫ್ಟಿನಲ್ಲಿ ನನ್ನ ಬೆನ್ನ ಹಿಂದೆ ನಿಂತವನೊಬ್ಬ, ನಾನು ಯಾರು ಅಂತ ಗೊತ್ತಿಲ್ಲದೆ, ಆ ಮೂರನೇ ಮಹಡಿ ಹೆಂಗಸಿನ ಭಾಷೆ ಬರೀ ಕಿರಿಕಿರಿ ಕಣಯ್ಯ, ಮಾತುಮಾತಿಗೂ ತಡೆದು ಕೇಳುತ್ತೆ ಅಂದ. ನನ್ನನ್ನು ಎಲ್ಲರೂ ತಮಾಷೆಯವಳು, ಸಲೀಸಿನವಳು ಅನ್ನಬೇಕು. ಕಿರಿಕಿರಿ ಅನ್ನುವುದನ್ನು ನನ್ನ ಕೈಲಿ ತಡೆದುಕೊಳ್ಳಲಾಗಲಿಲ್ಲ. ಮೇಷ್ಟ್ರ ಹತ್ತಿರ ಹೋದೆ. ಅವರು, ಇದು ನಿನ್ನ ತೀರ್ಮಾನ, ಬೇಕಾದರೆ ಇನ್ನೆರಡು ತಿಂಗಳು ತಗೋ, ಒಬ್ಬೊಬ್ಬ ಗಿರಾಕಿಗೂ ಕೂರಿಸಿಕೊಂಡು ಹೇಳೋಣ ಅಂದರು. ನಾನು ಎರಡು ತಿಂಗಳು ತೆಗೆದುಕೊಳ್ಳಲಿಲ್ಲ, ಎರಡು ಗಂಟೆ ತೆಗೆದುಕೊಂಡೆ. ಕಾಲಂ ಅಂತ ಹಿಡಿದು ಸುಮ್ಮನಿರು ಅಂತ ಬದಲಿಸಿದೆ. ಬೇಕಾದವರು ಪ್ರೊಸೀಜರಿನ ತಲೆಯಲ್ಲಿ ಒಂದು ಸಾಲು ಬರೆದುಕೊಂಡರೆ ಪಾರ್ಸರ್ ನಿಂತು ಕೇಳುವಂತೆ ಒಂದು ಗುಟ್ಟಿನ ಕೀಲಿಯನ್ನೂ ಇಟ್ಟೆ. ಅದನ್ನು ಕೈಪಿಡಿಯ ಇನ್ನೂರ ಹದಿನಾಲ್ಕನೇ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಅಡಿಟಿಪ್ಪಣಿಯಾಗಿ ಹಾಕಿದೆ. ಹೆಸರುಗಳು ಒಂದೇ ಆಗಿದ್ದಲ್ಲಿ ಕಾಲಂ ಎಂದು ಗ್ರಹಿಸಲಾಗುವುದು. ಯಾರು ಗ್ರಹಿಸುವವರು? ನಾನು. ಮರುದಿನದಿಂದ ಫೋನು ಬರಲಿಲ್ಲ. ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ.

ಹಾಗಾಗಿ ಮಂಗಳವಾರ ನೀನು ಓದುತ್ತಿದ್ದಾಗ, ಎರಡನೇ ರೋಗಿ_ಸಂಖ್ಯೆ ನಿನ್ನ ಬಾಯಿಂದ ಪೂರ್ತಿ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಕಣ್ಣೆಲ್ಲಿಟ್ಟಿದ್ದೆ ಅಂದದ್ದು. ಜೋಕು ಮಾಡದಿದ್ದರೆ ನಿಜ ಹೇಳಬೇಕಾಗುತ್ತಿತ್ತು. ಹೆಸರಿನ ಗೊಂದಲ ಮಾಡಿದ್ದು ನನ್ನ ಭಾಷೆ, ಹೆಸರು ಕೆಟ್ಟದ್ದು ನಿನ್ನದು.

ಇನ್ನು ಈ ವಾರದ ಸುದ್ದಿ. ಸೋಮವಾರ ಬೆಳಿಗ್ಗೆ ಅಲ್ಪವಿರಾಮನ ಜೊತೆ ಮೇಷ್ಟ್ರ ಕೋಣೆಗೆ ಹೋಗಿ, ಪಾರ್ಸರ್ ಇನ್ನು ಮೇಲೆ ತಾನಾಗಿಯೇ ನಿಂತು ಕೇಳಬೇಕು, ಬೇಡ ಅನ್ನುವವರು ಬೇಕಾದರೆ ತಲೆಯಲ್ಲಿ ಒಂದು ಸಾಲು ಬರೆದುಕೊಳ್ಳಲಿ, ಕೀಲಿಯನ್ನು ಉಲ್ಟಾ ಮಾಡೋಣ ಅಂದೆ. ಅವರು ಗಾಳಿಯಲ್ಲಿ ಸೀಮೆಸುಣ್ಣ ಹಿಡಿದ ಹಾಗೆ ಕೈಯೆತ್ತಿ, ಎಷ್ಟು ಪ್ರೊಸೀಜರುಗಳು ನಿಲ್ಲುತ್ತವೆ, ಲೆಕ್ಕ ಇದೆಯಾ ಅಂದರು. ನನ್ನ ಹತ್ತಿರ ಇರಲಿಲ್ಲ. ಅಲ್ಪವಿರಾಮನ ಹತ್ತಿರ ಇತ್ತು! ಗಿರಾಕಿಗಳು ಪರೀಕ್ಷೆಗೆ ಅಂತ ನಮಗೆ ಕೊಟ್ಟಿರುವ ಮೂರು ಸಾವಿರ ಚಿಲ್ಲರೆ ಪ್ರೊಸೀಜರುಗಳನ್ನು ಕೀಲಿ ತಿರುಗಿಸಿದ ಪಾರ್ಸರಿಗೆ ಓದಿಸಿ, ನಿಂತವೆಷ್ಟು ಅಂತ ಅವನು ಕಳೆದ ವಾರವೇ ಸದ್ದಿಲ್ಲದೆ ಎಣಿಸಿದ್ದ. ಇನ್ನೂರ ಎಂಬತ್ತೇಳು ಅಂದ. ಮೇಷ್ಟ್ರು ನೋಡಿದಿರಾ ಅನ್ನುವ ಹಾಗೆ ನನ್ನ ಕಡೆ ತಿರುಗಿದರು. ಅಲ್ಪವಿರಾಮ ಸೂರು ನೋಡುತ್ತಿದ್ದ. ನಾವಿಬ್ಬರೂ ಕಾದೆವು, ಬೇರೆ ದಾರಿಯಿಲ್ಲ. ಅದರಲ್ಲಿ ಹದಿನೇಳು, ಅಂದ, ಆ ಹುಡುಗಿಯ ಪ್ರೊಸೀಜರಿನಂಥವೇ, ಅಂದ, ಇನ್ನೂ ಯಾರೂ ಗುಂಡಿ ಒತ್ತಿಲ್ಲ ಅಷ್ಟೆ ಅಂದ. ಒಂದು, ನೀರಿನ ಸಂಪರ್ಕ ಕತ್ತರಿಸುವುದು. ಒಂದು ಮನೆಯದನ್ನು ಕತ್ತರಿಸು ಅಂದರೆ ಇಡೀ ಊರಿನದು. ಇನ್ನೊಂದು, ಶಾಲೆಯಿಂದ ಒಬ್ಬ ವಿದ್ಯಾರ್ಥಿಯ ದಾಖಲಾತಿ ತೆಗೆಯುವುದು. ಮೇಷ್ಟ್ರು ಎತ್ತಿದ ಕೈ ಇಳಿಸಿದರು. ಅವನು ಒಂದು ವಾಕ್ಯವನ್ನು ಪೂರ್ತಿ ಮಾಡಿದ್ದು ನಾನು ನೋಡಿದ ಹಾಗೆ ಅದೇ ಮೊದಲು.

ಮೂರು ದಿನದಿಂದ ನಾವು ಆ ಹದಿನೇಳೂ ಕಡೆಗೆ ಫೋನ್ ಮಾಡುತ್ತಿದ್ದೇವೆ. ಬೈಗುಳ ಧಾರಾಳವಾಗಿ ಸಿಗುತ್ತಿದೆ. ನಿನ್ನೆ ಒಬ್ಬರು, ಹದಿನೇಳು ವರ್ಷ ಏನು ಮಾಡ್ತಿದ್ರಿ ಅಂದರು. ತಮಾಷೆ ಮಾಡ್ತಿದ್ದೆ ಸಾರ್ ಅಂದೆ. ನೀನು ನನ್ನ ವಿಷಯಕ್ಕೆ ಹೆದರಬೇಡ. ವೇರಿಯಬಲ್‌ಗೆ ಕನ್ನಡದಲ್ಲಿ ಚರ ಅನ್ನುತ್ತಾರೆ. ಈ ಮಹಡಿಯಲ್ಲಿ ಹದಿನೇಳು ವರ್ಷದಿಂದ ಇದ್ದ ಅಚರ ವಸ್ತು ನಾನೊಬ್ಬಳೇ. ಈಗ ಅಲುಗಾಡಿದ್ದೇನೆ, ಸೊಂಟ ನೋವಿಗೂ ಒಳ್ಳೆಯದು.

ಶನಿವಾರಕ್ಕೆ ಬರೋಣ. ನಿನ್ನ ಹಾಳೆಗೆ ಪಿನ್ ಮಾಡಿರುವ ನಮ್ಮ ಕಂಪನಿಯ ಅಭಿಪ್ರಾಯ ಇದೆಯಲ್ಲ, ಎರಡೇ ಸಾಲಿನದು, ಮೇಡಂ ನಿನ್ನನ್ನು ಕೆಲಸದಿಂದ ಬಿಡಿಸಲು ಆಧಾರ ಮಾಡಿಕೊಂಡಿರುವುದು ಅದನ್ನೇ. ಪ್ರೊಸೀಜರ್ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆದುಕೊಂಡಿದೆ, ದೋಷ ಬಳಕೆದಾರರದ್ದು ಎಂದು ಅದರಲ್ಲಿದೆ. ಕೆಳಗೆ ಹೆಸರಿಲ್ಲ, ಭಾಷಾ ವಿಭಾಗ ಅಂತ ಮೊಹರು ಮಾತ್ರ. ಅದನ್ನ ಬರೆದ ಮೇಷ್ಟ್ರ ಕೈಗೆ ಕಜ್ಜಿ ಬರಲಿ ಅಂತ ನಿನ್ನ ಅಪ್ಪನ ಹತ್ತಿರ ಶಾಪ ಹಾಕಿದೆಯಂತೆ. ಮೇಷ್ಟ್ರನ್ನು ಬಿಡು, ಪಾಪ. ಆ ಅಭಿಪ್ರಾಯವನ್ನು ಕಂಪನಿ ಇವತ್ತು ಬೆಳಿಗ್ಗೆ ವಾಪಸ್ ತೆಗೆದುಕೊಂಡಿದೆ. ಅದರ ಜಾಗಕ್ಕೆ ಎರಡು ಪುಟದ ಹೊಸ ಅಭಿಪ್ರಾಯ ಒಂಬತ್ತು ನಲವತ್ತಕ್ಕೆ ಮೇಡಂ ಕೈ ಸೇರಿದೆ. ಪಾರ್ಸರ್ ಎಚ್ಚರಿಸಬೇಕಿತ್ತು, ಎಚ್ಚರಿಸಲಿಲ್ಲ, ಆ ತೀರ್ಮಾನ ಯಾರದು, ಯಾವಾಗಿನದು, ಯಾಕೆ ತಪ್ಪು, ಎಲ್ಲ ಅದರಲ್ಲಿದೆ. ಪರೀಕ್ಷೆಯ ಟೇಬಲ್‌ನಲ್ಲಿ ಒಬ್ಬನೇ ರೋಗಿ ಇದ್ದದ್ದೂ ಇದೆ. ನನ್ನ ಮಗಳು ಅಂತ ನಿನಗೆ ರಿಯಾಯಿತಿ ಕೊಟ್ಟಿಲ್ಲ. ಇನ್ನು ಸಂಪೂರ್ಣ ಅನ್ನುವ ಪದ ನಿಲ್ಲುವುದಿಲ್ಲ. ಸಂಪೂರ್ಣ ನಿಲ್ಲದಿದ್ದರೆ ಒಬ್ಬಳೇ ಅನ್ನುವುದೂ ನಿಲ್ಲುವುದಿಲ್ಲ. ನೀನು ತಲೆಯೆತ್ತಿ ಹೋಗಿ ಕೂತುಕೋ, ನಿನ್ನ ಪಾಲಿಗೆ ಕೊಡುವ ಎಚ್ಚರಿಕೆಯನ್ನು ಬರವಣಿಗೆಯಲ್ಲಿ ತೆಗೆದುಕೋ, ಸೋಮವಾರ ಕೆಲಸಕ್ಕೆ ಹೋಗು. ಅಕ್ಕನ ಕತ್ತುನೋವು ಹಾಗೇ ಇದೆ, ಪ್ರೊಸೀಜರ್ ಮತ್ತೆ ಬರೆಯಬೇಕು.

ಒಳ್ಳೆಯ ಚಪ್ಪಲಿ ಮನೆಯಲ್ಲೇ ಬಿಟ್ಟು ಹೋಗಿದ್ದೀಯ. ಅಪ್ಪನ ಕೈಲಿ ಕಳಿಸಿದ್ದೇನೆ.

ನಿನ್ನ ಮೇಲೆ ರೇಗಿದರೂ ನಿನ್ನನ್ನು ಬಿಟ್ಟು ಒಂದು ಪದಬಂಧವನ್ನೂ ಬಿಡಿಸಲಾರದ,
ಅಮ್ಮ

ತಾ.ಕ.: ಮರೆತು ಉಳಿದದ್ದಲ್ಲ ಇದು, ಮೇಲೆ ಬರೆಯಲು ಧೈರ್ಯ ಸಾಲದೆ ಕೆಳಗೆ ಬಿದ್ದದ್ದು. ಆ ಎರಡು ಸಾಲಿನ ಅಭಿಪ್ರಾಯ ಬರೆದದ್ದು ನಾನು. ನೀನು ಮನೆ ಬಿಟ್ಟ ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಪ್ರಶ್ನೆ ಬಂತು, ಮೇಲೆ ನಿಮ್ಮ ಆಸ್ಪತ್ರೆಯ ಹೆಸರಿತ್ತು, ನೋಡಿದೆ, ನೋಡಿಯೇ ನಾಲ್ಕು ನಿಮಿಷದಲ್ಲಿ ಬರೆದು ಮೊಹರು ಹಾಕಿದೆ. ಮೇಷ್ಟ್ರು ಅವತ್ತು ರಜಾದಲ್ಲಿದ್ದರು. ಹೊಸ ಅಭಿಪ್ರಾಯದಲ್ಲಿ ಇದನ್ನೂ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ. ಶನಿವಾರ ಹನ್ನೊಂದಕ್ಕೆ ಅದನ್ನು ಓದಿ ಹೇಳಲು ನನ್ನನ್ನೂ ಕರೆದಿದ್ದಾರೆ. ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರಬೇಕೋ ಎದುರಿನದರಲ್ಲೋ ಅಂತ ಅಪ್ಪನ ಹತ್ತಿರ ಹೇಳಿ ಕಳಿಸು. ಈ ಸಲ ನಾನಾಗಿ ಊಹೆ ಮಾಡುವುದಿಲ್ಲ.